ಮಂಚಕ್ಕೆ ಕಟ್ಟಿದ ಹಲಗೆ

ಹೋದ ವರ್ಷ ಮಾರ್ಚ್‌ನಲ್ಲಿ ಏಣಿಯಿಂದ ಬಿದ್ದೆ. ಬಳ್ಳಾರಿಯ ಬೆಂಗಳೂರು ರಸ್ತೆ ಹತ್ತಿರ ಒಂದು ಬಟ್ಟೆ ಅಂಗಡಿಯ ಗೋಡೆಗೆ ಹೆಸರು ಬರೆಯುತ್ತಿದ್ದೆ. ಕೊನೆಯ ಅಕ್ಷರಕ್ಕೆ ಶೇಡ್ ಕೊಡುವುದಷ್ಟೇ ಬಾಕಿ ಇತ್ತು. ಏಣಿಯ ಕಾಲು ಜಾರಿತು. ಬಲ ತೊಡೆಯ ಮೂಳೆ ಮುರಿಯಿತು. ಆಪರೇಷನ್ ಮಾಡಿ ಒಳಗೆ ರಾಡ್ ಹಾಕಿದರು. ಮೂರು ತಿಂಗಳು ಕಾಲು ಊರಬಾರದು ಅಂದರು.

ನಾನು 31 ವರ್ಷದಿಂದ ಬೋರ್ಡ್ ಬರೆಯುತ್ತಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು. ಆದರೂ ಶಾಲೆಯ ಗೋಡೆ, ಗುಡಿಯ ಹೆಸರು, ಲಾರಿಯ ಹಿಂದಿನ ಬರಹ ಇದ್ದೇ ಇರುತ್ತವೆ. ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಬರೆಯುತ್ತೇನೆ. ಕೈಯಲ್ಲಿ ಬ್ರಷ್ ಇಲ್ಲದೆ ಒಂದು ವಾರ ಕಳೆದ ನೆನಪೇ ನನಗಿಲ್ಲ. ಅಂಥವನು ಏಪ್ರಿಲ್ ತಿಂಗಳ ಬಿಸಿಲಲ್ಲಿ, ತಿರುಗುವ ಫ್ಯಾನ್ ನೋಡುತ್ತಾ ಮಲಗಿದ್ದೆ.

ನೋಡಲು ಬಂದವರು ಮೂಸಂಬಿ ತಂದರು, ಬಾಳೆಹಣ್ಣು ತಂದರು. ಜೊತೆಗೆ ಒಂದು ಮಾತನ್ನೂ ತಂದರು. "ನೋವುಂಡವನೇ ದೊಡ್ಡ ಕಲಾವಿದ ಆಗ್ತಾನಪ್ಪ. ನೀನೂ ಏನಾರ ದೊಡ್ಡದು ಬರಿ." ಪ್ರೀತಿಯಿಂದಲೇ ಹೇಳಿದರು. ಆದರೆ ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತಿತ್ತು. ಯಾಕಂದ್ರೆ ಮೊದಲ ತಿಂಗಳು ನಾನು ಒಂದು ಗೆರೆಯನ್ನೂ ಎಳೆಯಲಿಲ್ಲ. ಎಳೆಯುವ ಆಸೆಯೇ ಬರಲಿಲ್ಲ. ರಾತ್ರಿ ಎರಡು ಗಂಟೆಗೆ ಮಾತ್ರೆಯ ಬಲ ಇಳಿಯುತ್ತಿತ್ತು. ಆಗ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ, ಮುಂದಿನ ಮಾತ್ರೆಗೆ ಇನ್ನೂ ಎಷ್ಟು ಹೊತ್ತು. ಬಣ್ಣ ಇಲ್ಲ, ಅಕ್ಷರ ಇಲ್ಲ, ಹೆಂಡತಿ ಮಕ್ಕಳ ಮುಖ ಕೂಡ ಸರಿಯಾಗಿ ಕಾಣುತ್ತಿರಲಿಲ್ಲ.

ಒಂದು ಸಂಜೆ ಮಗಳು ಫೋನ್ ಹಿಡಿದು ಬಂದಳು. "ಅಪ್ಪಾ, ಇಲ್ನೋಡು. ಈಕಿನೂ ಮಕ್ಕೊಂಡೇ ಬರದಾಳ."

ಮೆಕ್ಸಿಕೋ ದೇಶದ ಫ್ರೀಡಾ ಕಾಹ್ಲೊ. ಹಾಸಿಗೆಯಲ್ಲಿ ಮಲಗಿ ಚಿತ್ರ ಬರೆಯುತ್ತಿರುವ ಹಳೇ ಫೋಟೊ. ಎಲ್ಲರೂ ಆಕೆಯ ಕೂಡಿದ ಹುಬ್ಬು ನೋಡುತ್ತಾರೆ, ಜಡೆಗೆ ಮುಡಿದ ಹೂವು ನೋಡುತ್ತಾರೆ. ನನ್ನ ಕಣ್ಣು ಮೊದಲು ಹೋಗಿದ್ದು ಸ್ಟ್ಯಾಂಡಿನ ಮೇಲೆ. ಮಲಗಿದವರ ಎದೆಯ ಮೇಲೆ ಬಾಗಿ ನಿಲ್ಲುವ ಸ್ಟ್ಯಾಂಡ್. ಇದನ್ನು ಯಾರು ಮಾಡಿಸಿಕೊಟ್ಟರು ಅಂತ ಮಗಳನ್ನು ಕೇಳಿದೆ. ಅವಳು ಹುಡುಕಿ ಹುಡುಕಿ ಓದಿ ಹೇಳಿದಳು. ಆಮೇಲೆ ನಾನೂ ಬಹಳ ಓದಿದೆ. ಓದಲು ಟೈಮ್ ಇತ್ತು.

1925ರ ಸೆಪ್ಟೆಂಬರ್ 17ರಂದು ಫ್ರೀಡಾ ಹೋಗುತ್ತಿದ್ದ ಬಸ್ಸಿಗೂ ಟ್ರಾಮ್‌ಗೂ ಡಿಕ್ಕಿ ಆಯಿತು. ಆಗ ಆಕೆಗೆ 18 ವರ್ಷ. ಡಾಕ್ಟರ್ ಆಗಬೇಕು ಅಂತ ಓದುತ್ತಿದ್ದ ಹುಡುಗಿ. ಬೆನ್ನುಮೂಳೆ ಮೂರು ಕಡೆ ಮುರಿಯಿತು. ಬಲಗಾಲು 11 ಕಡೆ ಮುರಿಯಿತು. ಕಬ್ಬಿಣದ ಕಂಬಿಯೊಂದು ಸೊಂಟಕ್ಕೆ ತೂರಿತ್ತು. ಆರನೇ ವಯಸ್ಸಿಗೇ ಪೋಲಿಯೊ ಬಂದು ಅದೇ ಬಲಗಾಲು ಸಣ್ಣಗಾಗಿತ್ತು. ತಿಂಗಳುಗಟ್ಟಲೆ ಮಲಗಿದ್ದ ಮಗಳಿಗೆ ತಾಯಿ ಆ ಸ್ಟ್ಯಾಂಡ್ ಮಾಡಿಸಿದರು. ಅಪ್ಪ ಫೋಟೊಗ್ರಾಫರ್, ಅವರ ಹತ್ತಿರ ಇದ್ದ ಬಣ್ಣಗಳನ್ನು ಕೊಟ್ಟರು. ಮಂಚದ ಮೇಲ್ಚಾವಣಿಗೆ ಒಂದು ಕನ್ನಡಿ ಕಟ್ಟಿದರು. ಎದುರಿಗೆ ಕಾಣುವುದು ಒಂದೇ, ತನ್ನ ಮುಖ. ಅದನ್ನೇ ಬರೆದಳು. ಮುಂದೆ ಜೀವಮಾನವಿಡೀ ತನ್ನ ಮುಖವನ್ನು ಮತ್ತೆ ಮತ್ತೆ ಬರೆದಳು.

ಅದೇ ವಾರ ನನ್ನ ಹೆಂಡತಿ ನಮ್ಮ ಬೀದಿಯ ಬಡಗಿಯ ಹತ್ತಿರ ಹೋದಳು. ಮಗಳು ಫೋನಿನಲ್ಲಿ ಆ ಫೋಟೊ ತೋರಿಸಿದಳು. ಬಡಗಿ ಒಂದು ಹಳೇ ಬೆಂಚಿನ ಕಾಲು, ಒಂದು ಪ್ಲೈವುಡ್ ತುಂಡು, ನಾಲ್ಕು ಬೋಲ್ಟ್ ತಂದರು. ಮಂಚದ ಎರಡೂ ಕಡೆಗೆ ಬಿಗಿದರು. ಹಲಗೆ ಬೇಕಾದಷ್ಟು ಬಾಗುವ ಹಾಗೆ ತಿರುಗಣಿ ಇಟ್ಟರು. ಇಟ್ಟು, ನನ್ನ ಮುಖದ ಮೇಲೆ ಬೀಳುತ್ತದೋ ಏನೋ ಅಂತ ತಾವೇ ಎರಡು ಸಲ ಜಗ್ಗಿ ನೋಡಿದರು.

ಮಲಗಿ ಬರೆಯುವುದು ಎಷ್ಟು ಕಷ್ಟ ಅಂತ ಬರೆದವರಿಗೇ ಗೊತ್ತು. ನಿಂತು ಬರೆಯುವಾಗ ಬಣ್ಣ ಬ್ರಷ್‌ನ ತುದಿಗೆ ಇಳಿಯುತ್ತದೆ. ಮಲಗಿದರೆ ಹಿಡಿಗೆ ಇಳಿಯುತ್ತದೆ, ಅಲ್ಲಿಂದ ಮಣಿಕಟ್ಟಿಗೆ, ಮೊಣಕೈಗೆ. ಎನಾಮೆಲ್ ಬಣ್ಣ ಎದೆಯ ಮೇಲೆ ತೊಟ್ಟಿಕ್ಕುತ್ತದೆ. ಅದಕ್ಕೆ ಬ್ರಷ್‌ನ ತುದಿ ಮಾತ್ರ ಅದ್ದಬೇಕು, ಡಬ್ಬಿಯ ಅಂಚಿಗೆ ಎರಡು ಸಲ ಒರೆಸಬೇಕು. ಹತ್ತು ನಿಮಿಷಕ್ಕೆ ಭುಜ ಸೋಲುತ್ತದೆ. ಏಣಿ ಮೇಲೆ ನಿಂತು ಆರಡಿ ಅಕ್ಷರ ಬರೆದ ಕೈಗೆ ಈಗ ಒಂದು ಗೇಣು ಅಕ್ಷರವೇ ದೊಡ್ಡದು.

ಆಗ ಫ್ರೀಡಾಳ ಚಿತ್ರಗಳ ಅಳತೆ ನೋಡಿದೆ. 1944ರ 'ಮುರಿದ ಕಂಬ' ಇದೆಯಲ್ಲ, ಬೆನ್ನುಮೂಳೆಯ ಜಾಗದಲ್ಲಿ ಒಡೆದ ಕಲ್ಲಿನ ಕಂಬ, ಮೈತುಂಬ ಚುಚ್ಚಿದ ಮೊಳೆ, ಕಣ್ಣಲ್ಲಿ ನೀರು. ಪುಸ್ತಕದಲ್ಲಿ ನೋಡಿದರೆ ಗೋಡೆಯಷ್ಟು ದೊಡ್ಡದು ಅನಿಸುತ್ತದೆ. ನಿಜವಾಗಿ ಅದರ ಎತ್ತರ ಸುಮಾರು 40 ಸೆಂಟಿಮೀಟರ್. ಅಗಲ 30. ಆಕೆಯ ಎಷ್ಟೋ ಚಿತ್ರಗಳು ಚಿಕ್ಕವೇ. ಇದನ್ನು ಓದಿದಾಗ ನನ್ನ ಭುಜಕ್ಕೆ ಏನೋ ಅರ್ಥವಾದ ಹಾಗಾಯಿತು.

ಇನ್ನೊಂದು ವಿಷಯ ನನಗೆ ಇನ್ನೂ ಹತ್ತಿರ ಬಂತು. 1932ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಆಕೆಗೆ ಗರ್ಭಪಾತ ಆಯಿತು. ಆಸ್ಪತ್ರೆಯ ಮಂಚದ ಮೇಲೆ ರಕ್ತದಲ್ಲಿ ಮಲಗಿದ ತನ್ನನ್ನೇ ಬರೆದಳು. ಅದನ್ನು ಬರೆದಿದ್ದು ಬಟ್ಟೆಯ ಮೇಲಲ್ಲ, ತಗಡಿನ ಮೇಲೆ! ಮೆಕ್ಸಿಕೋದಲ್ಲಿ ಅಪಘಾತದಿಂದಲೋ ರೋಗದಿಂದಲೋ ಬದುಕಿ ಬಂದವರು ತಗಡಿನ ಮೇಲೆ ಆ ಘಟನೆ ಬರೆಸಿ ಚರ್ಚಿಗೆ ಒಪ್ಪಿಸುವ ಪದ್ಧತಿ ಇದೆ. ನಮ್ಮಲ್ಲಿ ಹರಕೆ ತೀರಿಸಲು ಬೆಳ್ಳಿಯ ಕಣ್ಣು, ಬೆಳ್ಳಿಯ ಕಾಲು ಕೊಡುತ್ತಾರಲ್ವಾ, ಹಾಗೆ. ತಗಡು ನನ್ನ ಜೀವನ. ಅದು ಬಣ್ಣ ಹೀರುವುದಿಲ್ಲ, ಬ್ರಷ್‌ನ ಒಂದೊಂದು ಎಳೆಯೂ ಅದರ ಮೇಲೆ ಕಾಣುತ್ತದೆ. ತಪ್ಪಾದರೆ ಟರ್ಪಂಟೈನ್ ಬಟ್ಟೆಯಿಂದ ಒರೆಸಬಹುದು. ಅಂಥ ದುಃಖವನ್ನು ತಗಡಿನ ಮೇಲೆ ಬರೆಯಬೇಕಾದರೆ ಕೈ ಎಷ್ಟು ಸ್ಥಿರ ಇರಬೇಕು ಅಂತ ನನಗೆ ಗೊತ್ತು. ಅಳುತ್ತಾ ಆಗುವ ಕೆಲಸ ಅಲ್ಲ ಅದು. ಅತ್ತು ಮುಗಿಸಿ, ಮುಖ ತೊಳೆದುಕೊಂಡು ಕೂತು ಮಾಡುವ ಕೆಲಸ.

ಡಚ್ ಚಿತ್ರಕಾರ ವ್ಯಾನ್ ಗೋ ವಿಷಯದಲ್ಲೂ ಜನ ಇದನ್ನೇ ತಪ್ಪು ತಿಳಿದಿದ್ದಾರೆ. ಕಿವಿ ಕೊಯ್ದುಕೊಂಡ, ಹುಚ್ಚು ಹಿಡಿದಿತ್ತು, ಅದಕ್ಕೇ ಅಂಥ ಚಿತ್ರ ಬಂತು ಅಂತಾರೆ. ಆತ 1889ರ ಮೇ ತಿಂಗಳಲ್ಲಿ ಫ್ರಾನ್ಸಿನ ಸೇಂಟ್ ರೆಮಿ ಊರಿನ ಮಾನಸಿಕ ಆಸ್ಪತ್ರೆ ಸೇರಿದ. ಆ ಹೆಸರಾದ 'ನಕ್ಷತ್ರಗಳ ರಾತ್ರಿ' ಚಿತ್ರ ಬರೆದಿದ್ದು ಜೂನ್‌ನಲ್ಲಿ, ಮನಸ್ಸು ಹತೋಟಿಯಲ್ಲಿ ಇದ್ದಾಗ. ಜುಲೈನಲ್ಲಿ ಕಾಯಿಲೆ ಜೋರಾಯಿತು. ಆಗ ಬಣ್ಣವನ್ನೇ ತಿನ್ನಲು ಹೋದ. ವಾರಗಟ್ಟಲೆ ಒಂದು ಚಿತ್ರವೂ ಇಲ್ಲ. ನೋವು ಹೆಚ್ಚಾದಾಗ ಬ್ರಷ್ ಬಿದ್ದುಹೋಗಿತ್ತು, ನನ್ನ ಮೊದಲ ತಿಂಗಳಿನ ಹಾಗೆ. ಅವನಿಗೂ ಒಬ್ಬರು ಹಲಗೆ ಕಟ್ಟಿದವರಿದ್ದರು. ತಮ್ಮ ಥಿಯೋ. ದುಡ್ಡು, ಬಣ್ಣ, ಕ್ಯಾನ್ವಾಸ್ ಎಲ್ಲ ಕಳಿಸುತ್ತಿದ್ದ. ಅಣ್ಣ 1890ರ ಜುಲೈನಲ್ಲಿ ತೀರಿಕೊಂಡ. ಆರು ತಿಂಗಳಲ್ಲಿ ತಮ್ಮನೂ ಹೋದ. ಆಮೇಲೆ ಆ ಚಿತ್ರಗಳನ್ನು ಕಾಪಾಡಿ, ಅಣ್ಣ ತಮ್ಮನಿಗೆ ಬರೆದ ಕಾಗದಗಳನ್ನು ಜೋಡಿಸಿ 1914ರಲ್ಲಿ ಅಚ್ಚು ಹಾಕಿಸಿದ್ದು ಥಿಯೋನ ಹೆಂಡತಿ ಜೋ. ಥಿಯೋ ಹೋದಾಗ ಕೈಯಲ್ಲಿ ಒಂದು ವರ್ಷದ ಮಗು ಇದ್ದ ವಿಧವೆ. ಆಕೆಯ ಹೆಸರು ಎಷ್ಟು ಜನಕ್ಕೆ ಗೊತ್ತು?

ದೂರದ ಮಾತು ಯಾಕೆ. ನಮ್ಮ ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲೇ ಹುಟ್ಟಿದ ಜೋಗತಿ ಕುಣಿತದ ಕಲಾವಿದೆ ಮಂಜಮ್ಮ ಜೋಗತಿ ಇದ್ದಾರೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಲು ಹೊರಟರು. ಬದುಕು ಬೇಡವಾಗಿ ವಿಷ ಕುಡಿದಿದ್ದರು, ಉಳಿದರು. ಸೀರೆ ಉಟ್ಟು ಭಿಕ್ಷೆ ಬೇಡಿದರು. ಆಗ ಮಂಜಮ್ಮನನ್ನು ಕಾಳವ್ವ ಜೋಗತಿ ತಮ್ಮ ಕುಣಿತದ ತಂಡಕ್ಕೆ ಸೇರಿಸಿಕೊಂಡರು. ತಲೆಯ ಮೇಲೆ ಕೊಡ ಹೊತ್ತು ಊರೂರು ಕುಣಿದ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳ ದೃಷ್ಟಿ ತೆಗೆದರಲ್ಲ, ಸೆರಗು ಹಿಡಿದು, ಅದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ನನಗೆ ಆಗ ಕಣ್ಣು ತುಂಬಿತ್ತು. ಈಗ ಮಲಗಿಕೊಂಡು ಯೋಚಿಸಿದೆ. ಅಂಥ ನೋವುಂಡವರು ನಮ್ಮ ಸೀಮೆಯಲ್ಲಿ ಎಷ್ಟೋ ಮಂದಿ. ಕಾಳವ್ವ ಸಿಕ್ಕವರು ಎಷ್ಟು ಮಂದಿ?

ನೋವು ಏನೂ ಕೊಡುವುದಿಲ್ಲ ಅಂತ ನಾನು ಹೇಳುವುದಿಲ್ಲ. ಫ್ರೀಡಾ ಏನು ಬರೆದಳು, ಎಷ್ಟು ಚಿಕ್ಕದಾಗಿ ಬರೆದಳು, ಯಾವುದರ ಮೇಲೆ ಬರೆದಳು, ಎಲ್ಲದರಲ್ಲೂ ಅವಳ ಮೈಯ ನೋವಿದೆ. ಆದರೆ ನೋವುಂಡವನೇ ಕಲಾವಿದ ಅನ್ನುವವರಿಗೆ ನಾನು ಈಗ ನೇರವಾಗಿ ಹೇಳುತ್ತೇನೆ, ಹಣ್ಣಿನ ಜೊತೆ ಮಾತು ಬೇಡ, ಒಂದು ಹಲಗೆ ತನ್ನಿ ಅಂತ.

ಹಲಗೆಯ ಮೇಲೆ ನಾನು ಬರೆದ ಮೊದಲ ಕೆಲಸ ಬಡಗಿಯ ಅಂಗಡಿಯ ಬೋರ್ಡ್. ಅವರು ಕೂಲಿ ತೆಗೆದುಕೊಳ್ಳಲಿಲ್ಲ. ಎರಡಡಿ ತಗಡು ತಂದುಕೊಟ್ಟು, "ಇದರ ಮ್ಯಾಗ ನಮ್ಮ ಹೆಸರು ಬರಿಯಣ್ಣ" ಅಂದರು. ನೀಲಿ ಬಣ್ಣ, ಹಳದಿ ಅಕ್ಷರ, ಕೆಂಪು ಶೇಡ್. ಎಂಟು ದಿನ ಹಿಡಿಯಿತು. ನಿಂತು ಬರೆದಿದ್ದರೆ ಒಂದೂವರೆ ತಾಸಿನ ಕೆಲಸ. ಮಲಗಿ ನೋಡುವಾಗ ಎಲ್ಲ ಸರಿಯಾಗೇ ಇತ್ತು. ಅಂಗಡಿಗೆ ಏರಿಸಿದ ಮೇಲೆ ಮಗಳು ಫೋಟೊ ತೆಗೆದು ತಂದಳು. ಒತ್ತಕ್ಷರಗಳೆಲ್ಲ ಬಲಕ್ಕೆ ವಾಲಿದ್ದವು.

ಜುಲೈನಲ್ಲಿ ಕೋಲು ಊರಿಕೊಂಡು ಅಲ್ಲಿಗೆ ನಡೆದು ಹೋದೆ. ಒಂದು ಸಣ್ಣ ಡಬ್ಬಿ ಹಳದಿ, 6ನೇ ನಂಬರ್ ಬ್ರಷ್, ಒರೆಸುವ ಬಟ್ಟೆ ಚೀಲದಲ್ಲಿತ್ತು. ಒತ್ತು ಸರಿ ಮಾಡುತ್ತೇನೆ, ಏಣಿ ಕೊಡಿ ಅಂದೆ. ಬಡಗಿ ಒಂದು ಸ್ಟೂಲ್ ಎಳೆದು ಕೂಡಿಸಿದರು, ಚಾ ತರಿಸಿದರು. ಚಾ ಆರುವವರೆಗೂ ಮಾತಾಡಿದೆವು. ಏಣಿ ಮಾತ್ರ ಕೊಡಲಿಲ್ಲ.