ಐಹೊಳೆ ಮ್ಯೂಸಿಯಂನಲ್ಲಿ ದೊಡ್ಡವ್ವ

ಐಹೊಳೆಗೆ ಬಂದವರು ದುರ್ಗ ಗುಡಿ ಸುತ್ತಿ, ಲಾಡಖಾನ್ ಗುಡಿ ಮುಂದೆ ನಾಲ್ಕು ಫೋಟೋ ತೆಗೆದು ಪಟ್ಟದಕಲ್ಲಿಗೆ ಗಾಡಿ ತಿರುಗಿಸುತ್ತಾರೆ. ಅದೇ ಆವರಣದಲ್ಲಿ ಒಂದು ಮ್ಯೂಸಿಯಂ ಇದೆ, ಅಲ್ಲಿ ಕಾಲಿಡುವವರು ಕಡಿಮೆ. ನಾನು ದೀಪಾವಳಿ ಸೂಟಿಯಲ್ಲಿ ನಮ್ಮ ದೊಡ್ಡವ್ವನ ಜೊತೆ ಹೋಗಿದ್ದೆ. ಅವಳ ತವರು ಐಹೊಳೆ. ಅಮೀನಗಡದಲ್ಲಿ ಬಸ್ ಇಳಿದು, ಕರದಂಟು ಕಟ್ಟಿಸಿಕೊಂಡು, ಟಂಟಂ ಹತ್ತಿದೆವು.

ಮ್ಯೂಸಿಯಂ ತೀರಾ ಹಳೆಯದೇನಲ್ಲ. ಊರಲ್ಲಿ, ಹೊಲದಲ್ಲಿ ಎಲ್ಲೆಂದರಲ್ಲಿ ಬಿದ್ದಿದ್ದ ಮೂರ್ತಿಗಳನ್ನು ಒಂದು ಕಡೆ ಇಡೋಣ ಅಂತ ಕೇಂದ್ರದ ಪುರಾತತ್ವ ಇಲಾಖೆಯವರು 1970ರಲ್ಲಿ ಒಂದು ಶೆಡ್ ಮಾಡಿದರು. 1987ರಲ್ಲಿ ಅದು ಪೂರ್ತಿ ಮ್ಯೂಸಿಯಂ ಆಯಿತು. ಇಷ್ಟು ಬೋರ್ಡಿನ ಕಥೆ.

ಊರಿನ ಕಥೆ ಬೇರೆ. ಇಲ್ಲಿ ಜನ ಗುಡಿಗಳ ಒಳಗೇ ಸಂಸಾರ ಮಾಡಿದವರು. ಗುಡಿಯ ಗೋಡೆಯೇ ಎಷ್ಟೋ ಮನೆಗಳಿಗೆ ಗೋಡೆ. ಲಾಡಖಾನ್ ಗುಡಿಗೆ ಆ ಹೆಸರು ಬಂದಿದ್ದೇ ಅಲ್ಲಿ ವಾಸವಿದ್ದ ಒಬ್ಬನಿಂದ ಅಂತಾರೆ. ದುರ್ಗ ಗುಡಿಯೂ ಒಂದು ಕಾಲಕ್ಕೆ ಕೋಟೆಯ ಭಾಗವೇ ಆಗಿತ್ತು. 1850ರ ದಶಕದಲ್ಲಿ ಬಿಗ್ಸ್ ಅನ್ನೋ ಬ್ರಿಟಿಷ್ ಅಧಿಕಾರಿ ತೆಗೆದ ಫೋಟೋದಲ್ಲಿ ಅದರ ನೆತ್ತಿ ಮೇಲೆ ಕಲ್ಲು ಪೇರಿಸಿ ಮಾಡಿದ ಕಾವಲು ಜಾಗ ಕಾಣಿಸುತ್ತದೆ. ಆಮೇಲೆ ಕೆಲವು ಮನೆ ಎಬ್ಬಿಸಿ, ಜಾಗ ಬಿಡಿಸಿ, ಈಗಿನ ಹುಲ್ಲುಹಾಸು ಮಾಡಿದ್ದು.

ಹೊರಗೆ ಸಾಲಾಗಿ ನಿಲ್ಲಿಸಿದ ವೀರಗಲ್ಲುಗಳನ್ನು ಕಂಡಿದ್ದೇ ದೊಡ್ಡವ್ವ ನಿಂತಳು. ಕೆಳಗೆ ಜಗಳ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. "ಇಂಥಾವೇ ಒಂದರ ಮ್ಯಾಲ ನಾವು ಅರಿವಿ ಒಗೀತಿದ್ವಿ ನೋಡೋ ತಮ್ಮಾ, ಬಕ್ಕಬಾರ್ಲೆ ಬಿದ್ದಿತ್ತು, ಹಿಂದ ಏನೈತಿ ಅಂತ ಯಾರಿಗೆ ಗೊತ್ತಿತ್ತು!" ಅಂದಳು. ಕಾವಲಿನವರು ನಕ್ಕರು. ಅವರ ಮನೆಯಲ್ಲೂ ಅದೇ ಕಥೆಯಂತೆ.

ಒಳಗೆ ಮೇಗುತಿ ಬಸದಿಯಿಂದ ತಂದ ಜೈನ ದೇವತೆ ಅಂಬಿಕೆ ಇದ್ದಾಳೆ. ಗುಡ್ಡದ ಮೇಲಿನ ಆ ಬಸದಿ 634ರದ್ದು, ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಶಾಸನ ಇಂದಿಗೂ ಅದರ ಗೋಡೆಯಲ್ಲೇ ಇದೆ, ಆದರೆ ಅಂಬಿಕೆ ಕೆಳಗಿಳಿದು ಇಲ್ಲಿಗೆ ಬಂದಿದ್ದಾಳೆ. ಹಿಂದೆ ಮರ, ಕಾಲ ಬಳಿ ಸಿಂಹ, ಸುತ್ತ ಸಖಿಯರು. ಕಲ್ಲು ಅಲ್ಲಲ್ಲಿ ಒಡೆದು ಹೋಗಿದೆ. ದೊಡ್ಡವ್ವ ಸೀದಾ ಸೊಂಟದ ಡಾಬು ನೋಡಿದಳು, "ಈಗಿನ ಅಕ್ಕಸಾಲಿಗ ಮಾಡಲಿ ನೋಡೋಣು" ಅಂದಳು.

ಐಹೊಳೆ ಮತ್ತು ಸುತ್ತಲಿನ ಜಾಗದ ಪುಟ್ಟ ಮಾದರಿಯೊಂದು ಮ್ಯೂಸಿಯಂನಲ್ಲಿದೆ. ನನಗೆ ಅಲ್ಲಿ ಜಾಸ್ತಿ ಹೊತ್ತು ಹೋಯಿತು, ಯಾಕಂದರೆ ದೊಡ್ಡವ್ವ ಅದರ ಮೇಲೆ ಬಗ್ಗಿ, ಹೊಳಿ ಯಾವ ಕಡೆ, ಗುಡ್ಡ ಯಾವ ಕಡೆ ಅಂತ ಗುರುತು ಹಿಡಿದು, ಗುಡಿಯಿಂದ ಗುಡಿಗೆ ಬೆರಳು ಸರಿಸುತ್ತಾ ತವರುಮನೆ, ದನದ ಕೊಟ್ಟಿಗೆ, ಬಾವಿ ಎಲ್ಲಾ ಎಲ್ಲೆಲ್ಲಿ ಅಂತ ತೋರಿಸಿದಳು. ಮಾದರಿಯಲ್ಲಿ ಅವ್ಯಾವೂ ಇಲ್ಲ.

ನನ್ನ ತಕರಾರು ಇದೇ. ಫಲಕದಲ್ಲಿ ದೇವರ ಹೆಸರು ಇದೆ, ಶತಮಾನ ಇದೆ. ಯಾರ ಹಿತ್ತಿಲಲ್ಲಿ ಸಿಕ್ಕಿತು, ಯಾರ ಮೆಟ್ಟಿಲಾಗಿತ್ತು ಅನ್ನೋದು ಇಲ್ಲ. ಒಲೆಯ ಹೊಗೆಗೆ ಗುಡಿಗಳು ಮಸಿ ಹಿಡಿದವು ಅನ್ನೋದು ಖರೆ, ಮನೆ ಎಬ್ಬಿಸಿದ್ದು ತಪ್ಪು ಅಂತ ನಾನು ಹೇಳಲ್ಲ. ಆದರೆ ಚಾಲುಕ್ಯರ ನಂತರವೂ ಊರು ಖಾಲಿ ಇರಲಿಲ್ಲ, ಅಲ್ವಾ? ಉಳಿದ ಊರನ್ನೂ ಸ್ಥಳಾಂತರ ಮಾಡುವ ಮಾತು ವರ್ಷಗಟ್ಟಲೆ ನಡೆದೇ ಇದೆ. ಅದಕ್ಕಿಂತ ಮೊದಲು ಒಂದು ಗೋಡೆ ಈ ಮನೆಗಳ ಹಳೆಯ ಫೋಟೋಗಳಿಗೆ ಮೀಸಲಿಟ್ಟರೆ ಸಾಕು, ದೊಡ್ಡ ಖರ್ಚೇನಲ್ಲ.

ಮರಳಿ ಬರುವಾಗ ಫೋನಿನಲ್ಲಿ ದೊಡ್ಡವ್ವನ ಮಾತು ರೆಕಾರ್ಡ್ ಮಾಡಿದೆ. ಅರ್ಧಕ್ಕಿಂತ ಜಾಸ್ತಿ, ಬಾವಿ ಕಟ್ಟೆ ಮೇಲೆ ಯಾರು ಯಾರ ಜೊತೆ ಜಗಳ ಆಡಿದರು ಅನ್ನೋದೇ ಇದೆ.