ಮೊದ್ಲು ಹಿಡಿ, ಆಮೇಲೆ ಬಿಡು

ಮುಂಬೈ, 9 ಜುಲೈ 2024, ಮಂಗಳವಾರ ರಾತ್ರಿ

ನಿನ್ನೆ ಮಳೆಗೆ ಲೋಕಲ್ ಕೈಕೊಟ್ಟು ಎಲ್ಲೂ ಹೋಗೋಕಾಗ್ಲಿಲ್ಲ. ಇವತ್ತು ದಾದರ್‌ಗೆ ಹೋಗಿ ಬ್ರೆಜಿಲಿಯನ್ ಜಿಯು-ಜಿಟ್ಸು (ನೆಲದ ಮೇಲೆ ಹಿಡಿದು ಕೀಲು ತಿರುಚೋ, ಕುತ್ತಿಗೆ ಬಿಗಿಯೋ ಕುಸ್ತಿ) ಕ್ಲಾಸ್ ಬಾಗ್ಲು ತಳ್ಳಿದ್ರೆ ಬಂದಿದ್ದು ಆರೇ ಜನ, ಅದ್ರಲ್ಲಿ ನಮ್ಮ ಉಡುಪಿ ಹುಡುಗ ಒಬ್ಬ. ಅವನ್ನ ನೋಡಿ ಎಷ್ಟು ಖುಷಿ ಆಯ್ತು ಅಂದ್ರೆ ಓಡಿ ಹೋಗಿ ಮೊದ್ಲು ಬಲಗೈ ಮೊಣಕೈ ಮುಟ್ಟಿ ನೋಡ್ದೆ. ಮೂರು ವಾರದ ಹಿಂದೆ ಆ ಮೊಣಕೈಗೆ ಪೆಟ್ಟು ಮಾಡಿದ್ದು ನಾನೇ. ಆರ್ಮ್‌ಬಾರ್ ಹಾಕಿದ್ದೆ, ಅಂದ್ರೆ ಕೈನ ಕಾಲ ಮಧ್ಯೆ ಸಿಕ್ಕಿಸಿ ಮೊಣಕೈ ಉಲ್ಟಾ ಬಗ್ಗಿಸೋ ಪಟ್ಟು, ಅವನು ಕೈ ಜಾರಿಸ್ಕೊಳ್ತಾ ಇದ್ದ, ಸಿಕ್ಕಿದ್ದು ಹೋಗ್ಬಿಡುತ್ತೆ ಅನ್ನೋ ಆತುರಕ್ಕೆ ಸೊಂಟ ಎತ್ತಿ ಜಗ್ಗಿಬಿಟ್ಟೆ, ಅವನು ಟ್ಯಾಪ್ ಮಾಡೋದಕ್ಕೂ (ಸೋತೆ ಅಂತ ಕೈ ತಟ್ಟೋದಕ್ಕೂ) ಮುಂಚೆ ಟಕ್ ಅಂತ ಸದ್ದು ಬಂತು. ಎರಡು ವಾರ ಮಾಟುಂಗಾದ ಹೋಟ್ಲಲ್ಲಿ ಗಲ್ಲಾದಲ್ಲಿ ಕೂತು ಎಡಗೈಲಿ ಚಿಲ್ಲರೆ ಕೊಡ್ತಿದ್ದ ಪಾಪ.

ಜನ ಕಮ್ಮಿ ಇದ್ರಲ್ಲ, ಕೋಚ್ ರೋಲಿಂಗ್, ಅಂದ್ರೆ ನಿಜವಾದ ಆಟದ ಥರ ಸೆಣಸೋದು, ಬೇಡ ಅಂದ್ರು. ಪೂರ್ತಿ ಒಂದು ಗಂಟೆ ಒಂದೇ ಡ್ರಿಲ್. ಕ್ಲೋಸ್ಡ್ ಗಾರ್ಡ್‌ನಿಂದ (ಬೆನ್ನ ಮೇಲೆ ಮಲಗಿ ಎದುರಿಗಿರೋನ ಸೊಂಟಕ್ಕೆ ಎರಡೂ ಕಾಲು ಸುತ್ತಿ ಬೀಗ ಹಾಕಿರೋದು) ಆರ್ಮ್‌ಬಾರ್, ಅಲ್ಲಿಂದ ಟ್ರಯಾಂಗಲ್ (ಅವನ ಕುತ್ತಿಗೆ, ಒಂದು ಕೈ ಎರಡನ್ನೂ ಕಾಲಲ್ಲಿ ಸುತ್ತಿ ಬಿಗಿಯೋದು), ಅಲ್ಲಿಂದ ಒಮೊಪ್ಲಾಟಾ, ಮತ್ತೆ ವಾಪಸ್. ಒಮೊಪ್ಲಾಟಾ ಅಂದ್ರೆ ಪೋರ್ಚುಗೀಸಲ್ಲಿ ಬೆನ್ನಿನ ರೆಕ್ಕೆ ಮೂಳೆ, ಕಾಲಿಂದ ಅವನ ಕೈ ಸುತ್ತಿ ಭುಜ ತಿರುಚೋ ಪಟ್ಟು ಅದು. ಬಲ ಹಾಕಂಗಿಲ್ಲ, ಎದುರಿಗಿರೋನು ತಪ್ಪಿಸ್ಕೊಳ್ಳೋಕೆ ಏನು ಮಾಡ್ತಾನೋ ಅದ್ರ ಹಿಂದೆನೇ ಹೋಗ್ಬೇಕು ಅಷ್ಟೇ.

ನಾನು ಅವನ ಜೊತೆನೇ ಜೋಡಿ ಆದೆ. ಅವನೇ ಕರೆದ. ಮೊದಲ ಹತ್ತು ಸಲ ನಂದು ಅದೇ ಹಳೇ ತಪ್ಪು. ಅವನು ತಲೆ ಕೊಸರಿ ನನ್ನ ಕಾಲಿಂದ ಆಚೆ ತೆಗೀತಾನೆ, ನಾನು ಅಯ್ಯೋ ಹೋಯ್ತು ಅಂತ ಎಲ್ಲಾ ಬಿಟ್ಟು ಹೊಸದಾಗಿ ಟ್ರಯಾಂಗಲ್ ಕಟ್ಟೋಕೆ ಹೋಗ್ತೀನಿ, ಅಷ್ಟ್ರಲ್ಲಿ ಅವನು ಬೆನ್ನು ನೆಟ್ಟಗೆ ಮಾಡಿ ಕೂತಿರ್ತಾನೆ. ಆಮೇಲೆ ಅವನೇ ಅಂದ, "ಎಂತ ಮಾರಾಯ, ನೀನು ಬಿಟ್ಟು ಹಿಡಿಯುವುದು ಯಾಕೆ? ಮೊದಲು ಹಿಡಿ, ಆಮೇಲೆ ಬಿಡು."

ಅಲ್ಲಿಂದ ಗಮನ ಪೂರ್ತಿ ನನ್ನ ಎಡಗೈ ಮೇಲೆ ಇಟ್ಟೆ. ಅವನ ಗೀ (ಆಡೋವಾಗ ಹಾಕೋ ದಪ್ಪ ಅಂಗಿ) ಬಲ ತೋಳಿನ ಅಂಚನ್ನ ನಾಲ್ಕು ಬೆರಳಲ್ಲಿ ಮುದುರಿ ಹಿಡಿದು ಎದೆಗೆ ಒತ್ಕೊಂಡೆ, ಏನಾದ್ರೂ ಆಗ್ಲಿ ಇದು ಬಿಡಲ್ಲ ಅಂತ. ಕಾಲು ಜಾಗ ಬದಲಾಯಿಸೋವಾಗ ಕೈ ಅಲ್ಲಾಡಲ್ಲ, ಕೈ ಬದಲಾಯಿಸೋವಾಗ ಮಂಡಿ ಎರಡೂ ಬಿಗಿ. ಅವನ ತಲೆ ಹೊರಗೆ ಬರ್ತಿದ್ದಂಗೆ ಬೆನ್ನ ಮೇಲಿದ್ದ ನನ್ನ ಬಲಗಾಲು ಜಾರಿ ಕುತ್ತಿಗೆ ಹಿಂದೆ ಕೂತ್ಕೊಳ್ತು, ಎಡಗಾಲು ಬಂದು ಅದಕ್ಕೆ ಬೀಗ ಹಾಕ್ತು. ಅವನು ಉಸಿರಿಗೆ ಜಾಗ ಮಾಡ್ಕೊಳ್ಳೋಕೆ ಆ ಬಲಗೈನ ನನ್ನ ತೊಡೆ ಸುತ್ತ ಹೊರಗೆ ಬಚ್ಚಿಟ್ಟ, ಸರಿ ಅಂತ ನಾನು ಆ ಕಡೆಗೇ ಸೊಂಟ ತಿರುಗಿಸ್ದೆ, ಎಡಗಾಲು ಭುಜದ ಮೇಲೆ ಬಿತ್ತು, ಒಮೊಪ್ಲಾಟಾ. ಎಲ್ಲೂ ಜಗ್ಗಿಲ್ಲ, ಅವನ ಮೊಣಕೈಗೆ ಒಂಚೂರೂ ನೋವಿಲ್ಲ. ಮುಂದೆ ಕಾಯ್ತಾ ಇರೋದು ಇನ್ನೊಂದು ಇದೆ ಅಂತ ಗೊತ್ತಿದ್ರೆ ಇದನ್ನ ಕಿತ್ತು ತಗೋಬೇಕು ಅನ್ಸೋದೇ ಇಲ್ಲ, ಆವತ್ತು ನಂಗೆ ಅದು ಗೊತ್ತಿರ್ಲಿಲ್ಲ.

ಕೊನೇಲಿ ಹತ್ತು ನಿಮಿಷ ಸೈಡ್ ಕಂಟ್ರೋಲ್‌ನಿಂದ (ಪಕ್ಕದಿಂದ ಅವನ ಎದೆ ಮೇಲೆ ಒರಗಿ ಅದುಮಿ ಹಿಡಿಯೋದು) ಕಿಮುರಾ, ಅಂದ್ರೆ ಕೈನ ಬೆನ್ನ ಹಿಂದಕ್ಕೆ ತಿರುಚಿ ಭುಜಕ್ಕೆ ಬೀಗ ಹಾಕೋ ಪಟ್ಟು. ಅವನು ತನ್ನ ಬೆಲ್ಟ್ ಹಿಡ್ಕೊಂಡು ಕೈ ಲಾಕ್ ಮಾಡಿದ್ರೆ ಹಿಡಿತ ಹಂಗೇ ಇಟ್ಕೊಂಡು ತಲೆ ದಾಟಿ ಕಾಲು ಹಾಕಿ ಆರ್ಮ್‌ಬಾರ್‌ಗೆ ಕೂರೋದು. ಇಲ್ಲೂ ಅದೇ, ಕೈ ಬಿಡಂಗಿಲ್ಲ. 1951ರಲ್ಲಿ ರಿಯೋದ ಮರಕಾನಾದಲ್ಲಿ ಜಪಾನಿನ ಜೂಡೋ ಪಟು ಮಸಾಹಿಕೊ ಕಿಮುರಾ ಇದೇ ಪಟ್ಟಲ್ಲಿ, ಬ್ರೆಜಿಲ್‌ನಲ್ಲಿ ನಮ್ಮ ಈ ಆಟ ಕಟ್ಟಿದವರಲ್ಲಿ ಒಬ್ಬರಾದ ಎಲಿಯೊ ಗ್ರೇಸಿ ಕೈ ಮುರಿದಿದ್ದು, ಎಲಿಯೊ ಆಗ್ಲೂ ಟ್ಯಾಪ್ ಮಾಡ್ಲಿಲ್ಲ, ಅವರ ಕಡೆಯವ್ರೇ ಆಟ ನಿಲ್ಲಿಸಿದ್ರು. ಗೆದ್ದವನ ಹೆಸರನ್ನೇ ಪಟ್ಟಿಗೆ ಇಟ್ಟಿದ್ದಾರೆ ಬ್ರೆಜಿಲ್‌ನವ್ರು, ಅದು ನಂಗೆ ತುಂಬಾ ದೊಡ್ಡತನ ಅನ್ಸುತ್ತೆ.

ಮನೆಗೆ ಬಂದು ದಾವಣಗೆರೆಗೆ ಫೋನ್ ಮಾಡ್ದೆ. ದೊಡ್ಡಪ್ಪ ವಯಸ್ಸಲ್ಲಿ ಗರಡಿ ಮನೆ ಮಣ್ಣಲ್ಲಿ ಬೆಳೆದವ್ರು, ಅವರಿಗೆ ಇವತ್ತಿಗೂ ನಾನು ಬೆನ್ನ ಮೇಲೆ ಮಲಗಿ ಆಡ್ತೀನಿ ಅನ್ನೋದೇ ಅರಗಲ್ಲ, ಅಲ್ಲಿ ಬೆನ್ನು ಮಣ್ಣಿಗೆ ತಾಗಿದ್ರೆ ಚಿತ್, ಕುಸ್ತಿ ಮುಗೀತು. ಆದ್ರೆ ಪಟ್ಟಿಂದ ಪಟ್ಟಿಗೆ ಹೋಗೋ ವಿಷಯ ಹೇಳಿದ್ ತಕ್ಷಣ ದನಿನೇ ಬದಲಾಯ್ತು. "ಲೇ, ಪಟ್ಟು ಹಾಕಿದ್ರೆ ಅವನೇನು ಸುಮ್ನೆ ಬಿದ್ದಿರ್ತಾನೇನೋ, ಯಾವ ಕಡೆ ಕೊಸರ್ತಾನೋ ಆ ಕಡೆ ನೀನು ಮುಂಚೆನೇ ಹೋಗಿ ಕೂತಿರ್ಬೇಕು" ಅಂದ್ರು. ಇಷ್ಟು ವರ್ಷದಲ್ಲಿ ನಾವಿಬ್ರು ಇದ್ರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ್ದು ಇದೇ ಮೊದಲು.

ಬೆರಳು ಊದಿದೆ, ವಾಪಸ್ ಬರೋವಾಗ ಟ್ರೇನಲ್ಲಿ ಮೇಲಿನ ಹಿಡಿ ಹಿಡಿಯೋಕಾಗ್ದೆ ಮಣಿಕಟ್ಟು ಸಿಕ್ಕಿಸ್ಕೊಂಡು ನಿಂತಿದ್ದೆ. ಗೀ ಫ್ಯಾನ್ ಕೆಳಗೆ ನೇತಾಕಿದೀನಿ, ಈ ಮಳೆಗಾಲದಲ್ಲಿ ಗುರುವಾರದೊಳಗೆ ಒಣಗಿದ್ರೆ ಪುಣ್ಯ. ಇವತ್ತು ಪೂರ್ತಿ ಬಲಗೈ ಕಡೆನೇ ಆಯ್ತು, ಗುರುವಾರ ಅರ್ಧ ಗಂಟೆ ಬೇಗ ಬಾ, ಎಡಗೈ ಕಡೆ ಮಾಡುವ ಅಂದಿದಾನೆ ಉಡುಪಿ ಹುಡುಗ.