ವೈನಿಯ ಸೂಜಿ, ನನ್ನ ಗ್ರಾಫ್ ಹಾಳೆ

ನಿವೃತ್ತಿಯಾದವರಿಗೆ ನಮ್ಮ ಧಾರವಾಡದ ಮಾಳಮಡ್ಡಿಯಲ್ಲಿ ಎಲ್ಲರೂ ಹೇಳುವ ಔಷಧಿ ಒಂದೇ. ಪದಬಂಧ ಬಿಡಿಸ್ರಿ, ಮರೆವು ಬರೂದಿಲ್ಲ. ಮುಂಜಾನೆ ವಾಕಿಂಗ್ ಗುಂಪಿನಲ್ಲಿ ಈ ಮಾತು ಹೇಳದವರಿಲ್ಲ. ಸುಡೋಕು ಬಿಡಿಸುವವರು ತಾವು ಒಂದು ಮೆಟ್ಟಿಲು ಮೇಲೆ ಅಂದುಕೊಂಡಿರುತ್ತಾರೆ. ಮೊಬೈಲಿನಲ್ಲಿ ಚೆಸ್ ಆಡುವವರು ಯಾರ ಜೊತೆಗೂ ಮಾತೇ ಆಡುವುದಿಲ್ಲ.

ನಾನು ಪದಬಂಧದವನು. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಕಾಲದಿಂದಲೂ ಬಿಡಿಸುತ್ತಿದ್ದೇನೆ. ಆದರೆ ಇಷ್ಟು ವರ್ಷವಾದ ಮೇಲೆ ಅದರಲ್ಲಿ ತಲೆಗೆ ಅಂಥ ಕೆಲಸವೇನೂ ಉಳಿದಿಲ್ಲ. ಸೂರ್ಯ ಎಂದು ಕೇಳಿ ಎರಡು ಮನೆ ಬಿಟ್ಟಿದ್ದರೆ ರವಿ, ಮೂರು ಬಿಟ್ಟಿದ್ದರೆ ಭಾಸ್ಕರ, ನಾಲ್ಕಿದ್ದರೆ ದಿನಕರ ಅಥವಾ ಪ್ರಭಾಕರ. ಆನೆಗೆ ಎರಡೇ ಮನೆಯಾದರೆ ಕರಿ ಇಲ್ಲವೇ ಗಜ. ಪೆನ್ನು ತಾನೇ ಬರೆಯುತ್ತಾ ಹೋಗುತ್ತದೆ. ಚಹಾ ಮುಗಿಯುವುದರೊಳಗೆ ಪದಬಂಧವೂ ಮುಗಿದಿರುತ್ತದೆ. ಖುಷಿಯೇನೋ ಇದೆ, ಬಿಡುವುದೂ ಇಲ್ಲ. ಆದರೆ ಇದನ್ನು ತಲೆಯ ವ್ಯಾಯಾಮ ಎಂದರೆ ನನಗೇ ನಗು ಬರುತ್ತದೆ.

ಹೊಸದೇನಾದರೂ ಕಲಿಯಬೇಕು ಅನಿಸಿದ್ದು ಹೀಗೆ. ಹಾರ್ಮೋನಿಯಂ ಕಲಿಯಬಹುದಿತ್ತು. ಆದರೆ ಧಾರವಾಡದಲ್ಲಿ ತಪ್ಪು ಸ್ವರ ಹಿಡಿದರೆ ಪಕ್ಕದ ಮನೆಯವರು ಕಿಟಕಿಯಿಂದಲೇ ತಿದ್ದುತ್ತಾರೆ. ಆ ಧೈರ್ಯ ನನಗಿಲ್ಲ. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಣ್ಣನ ಮನೆಗೆ ಹೋಗಿದ್ದೆ. ಕರೆಂಟ್ ಹೋಗಿತ್ತು. ವೈನಿ ಪಡಸಾಲೆಯ ಬಾಗಿಲ ಬೆಳಕಿಗೆ ಕೂತು ಕಸೂತಿ ಹಾಕುತ್ತಿದ್ದರು. ಬೇರೆ ಕೆಲಸವಿಲ್ಲದೆ ನಾನು ಸುಮ್ನೆ ಸೂಜಿಯನ್ನೇ ನೋಡುತ್ತಾ ಕೂತೆ. ಸೂಜಿ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಡುತ್ತಿತ್ತು, ಮತ್ತೆ ಹಾಕಿ ಮತ್ತೆ ಬಿಡುತ್ತಿತ್ತು. ತುದಿ ಮುಟ್ಟಿದ ಮೇಲೆ ತಿರುಗಿ ಬಂದು ಬಿಟ್ಟ ಜಾಗಗಳನ್ನೆಲ್ಲ ತುಂಬಿತು. ವೈನಿ ಬಟ್ಟೆ ತಿರುವಿ ತೋರಿಸಿದರು. ಹಿಂದುಗಡೆಯೂ ಅದೇ ಚಿತ್ರ. ಒಂದು ಗಂಟೂ ಕಾಣಲಿಲ್ಲ.

"ಇದರಾಗ ಲೆಕ್ಕ ಅದ ಅಲ್ಲಾ ವೈನಿ?" ಎಂದೆ.

"ಲೆಕ್ಕ ಬ್ಯಾರೆ ಏನದ? ಎಳಿ ಎಣಿಸೂದು, ಮನಿಗೆ ತಿರುಗಿ ಬರೂದು. ಕಲೀತೀಯೇನು?"

ವೈನಿ ಮದುವೆಯಾಗಿ ಬಂದಾಗ ನಾನು ಹೈಸ್ಕೂಲು ಹುಡುಗ. ಇಂದಿಗೂ ನನ್ನ ಜೊತೆ ಅವರದು ಏಕವಚನ. ನಾನು ಹೂಂ ಎಂದಾಗ ಒಳಗಿನಿಂದ ಅಣ್ಣನ ದನಿ ಬಂತು. "ಬ್ಯಾಂಕಿನ್ಯಾಗ ನೋಟು ಎಣಿಸಿದ್ದು ಸಾಲಲಿಲ್ಲಂತ ಈಗ ಎಳಿ ಎಣಸ್ಲಿಕ್ಕ ಹೊಂಟಾನ."

ಕಸೂತಿಯಲ್ಲಿ ಹೊಲಿಗೆ ನಾಲ್ಕು ಥರ. ಗಾವಂತಿ, ಮುರ್ಗಿ, ನೇಗಿ, ಮೆಂತೆ. ನೇಗಿ ನೇಯ್ದ ಹಾಗೆ ಕಾಣುತ್ತದೆ. ಮೆಂತೆ ಎಂದರೆ ಅಡ್ಡಡ್ಡ ದಾಟುವ ಹೊಲಿಗೆ. ಇವೆರಡಕ್ಕೂ ಹಿಂದು ಮುಂದು ಬೇರೆ ಬೇರೆ. ಗಾವಂತಿ ಗೆರೆಗೆರೆಯಾಗಿ ಹೋಗುತ್ತದೆ, ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎರಡೂ ಕಡೆ ಒಂದೇ ಥರ ಬರಬೇಕಾದದ್ದು ಇವೆರಡರಲ್ಲಿ. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಇಳಕಲ್ ಸೀರೆಯ ಮೇಲೆ ತೇರು, ಗೋಪುರ, ತುಳಸಿ ಕಟ್ಟೆ, ಆನೆ, ನವಿಲು ಎಲ್ಲ ಬಂದದ್ದು ಹೀಗೆ ಎಣಿಸಿ ಎಣಿಸಿಯೇ. ನನ್ನ ಕಣ್ಣಿಗೆ ಆ ಸೀರೆ ಆಗದ ಮಾತು. ವೈನಿ ಸುಭಾಷ್ ರಸ್ತೆಯಿಂದ ಮ್ಯಾಟಿ ಬಟ್ಟೆ ತರಿಸಿದರು. ಅದರಲ್ಲಿ ತೂತುಗಳು ಎದ್ದು ಕಾಣುತ್ತವೆ.

ಸೀದಾ ಗೆರೆ ಬೇಗ ಬಂತು. ಆಮೇಲೆ ವೈನಿ ಒಂದು ಪರೀಕ್ಷೆ ಇಟ್ಟರು. "ಒಂದು ಚೌಕ ಹಾಕು. ಬದಿಗೆ ಒಂದೇ ಹೊಲಿಗಿ. ಹಿಂದ ಮುಂದ ಎರಡೂ ಕಡೆ ತುಂಬಿರಬೇಕು." ನಾನು ಸೂಜಿ ಮುಟ್ಟುವ ಮೊದಲು ಗ್ರಾಫ್ ಹಾಳೆ ತೆಗೆದೆ. ನಾಲ್ಕು ಬದಿ. ಮೊದಲನೆಯದು ಬಟ್ಟೆಯ ಮೇಲೆ, ಎರಡನೆಯದು ಕೆಳಗೆ, ಮೂರನೆಯದು ಮೇಲೆ, ನಾಲ್ಕನೆಯದು ಕೆಳಗೆ. ಸೂಜಿ ಹೊರಟ ಮೂಲೆಗೇ ಬಂತು. ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹೋದರೆ ಮೊದಲ ಬದಿಗೆ ಮತ್ತೆ ಮೇಲೆಯೇ ಬೀಳುತ್ತದೆ. ಖಾಲಿ ಬದಿ ಖಾಲಿಯೇ ಉಳಿಯುತ್ತದೆ, ಎಷ್ಟು ಸುತ್ತು ಹಾಕಿದರೂ ಅಷ್ಟೇ. ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿದರೆ ಮಾತ್ರ ಎಲ್ಲ ತುಂಬುತ್ತದೆ. ತ್ರಿಕೋನ ಬರೆದು ನೋಡಿದೆ. ಅದಕ್ಕೆ ಈ ತೊಂದರೆಯೇ ಇಲ್ಲ. ಮೂರು ಬದಿ, ಬೆಸ ಸಂಖ್ಯೆ. ಸುತ್ತು ಹಾಕಿದರೂ ಸರಿ, ಹಿಂದಕ್ಕೆ ಬಂದರೂ ಸರಿ.

ಇಷ್ಟು ಕಂಡಾಗ ಆದ ಖುಷಿ ಪದಬಂಧದಲ್ಲಿ ಬಹಳ ವರ್ಷಗಳಿಂದ ಆಗಿರಲಿಲ್ಲ. ಓಡಿ ಹೋಗಿ ವೈನಿಗೆ ಹೇಳಿದೆ. ಅವರು ರಿಂಗಿನಿಂದ ಕಣ್ಣೆತ್ತಲಿಲ್ಲ. "ಅದಕ್ಕ ಹಾಳಿ ಯಾಕ ಬೇಕು? ಬೆರಳಿಗೆ ಗೊತ್ತಾಗತದ."

ನನ್ನ ಬೆರಳಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಪ್ರತಿ ಚಿತ್ರಕ್ಕೂ ಮೊದಲು ಹಾಳೆಯ ಮೇಲೆ ದಾರಿ ಬರೆಯತೊಡಗಿದೆ. ಗೋಪುರದಲ್ಲಿ ತಲೆ ನಿಜವಾಗಿ ಬಿಸಿಯಾಯಿತು. ನಡುವೆ ಒಂದು ಗೆರೆ, ಎರಡು ಕಡೆ ಮೆಟ್ಟಿಲು, ಮೆಟ್ಟಿಲಿಗೊಂದು ದೀಪ, ಮೇಲೆ ಕಳಸ. ಎಲ್ಲಿ ನೋಡಿದರೂ ಕವಲು. ಯಾವ ಕವಲಿಗೆ ಈಗ ಹೋಗಬೇಕು, ಯಾವುದನ್ನು ವಾಪಸ್ ಬರುವಾಗ ಮುಗಿಸಬೇಕು? ವೈನಿಯ ಕಾನೂನು ಸರಳ. "ಕವಲು ಬಂದ ಕೂಡ್ಲೆ ಹೋಗಿ ಬಾ. ಆಮ್ಯಾಲೆ ನೋಡೋಣು ಅಂದ್ರ ಮರೀತೀ." ನಾನು ಅದಕ್ಕೆ ಉಲ್ಟಾ. ಮರೆಯಬಾರದೆಂದೇ ತಾನೇ ಇದಕ್ಕೆ ಕೂತದ್ದು? ಹಾಗಾಗಿ ಕವಲುಗಳನ್ನೆಲ್ಲ ಬೇಕಂತಲೇ ವಾಪಸ್ ದಾರಿಗೆ ಇಟ್ಟುಕೊಳ್ಳುತ್ತೇನೆ. ವೈನಿಗೆ ಇದು ಹುಚ್ಚಾಟ.

ಅವರ ಮೊಮ್ಮಗಳು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಶನಿವಾರ ಚಿಗರಿ ಬಸ್ಸು ಹತ್ತಿ ಬಂದುಬಿಡುತ್ತಾಳೆ. ನನ್ನ ಹಾಳೆ ನೋಡಿ, "ಅಜ್ಜಾ, ಇದು ಆಯ್ಲರನ ಸೇತುವೆ ಲೆಕ್ಕ ಅಲ್ಲಾ?" ಎಂದಳು. ಆಗ ಪ್ರಷ್ಯಾಕ್ಕೆ ಸೇರಿದ್ದ ಕೋನಿಗ್ಸ್‌ಬರ್ಗ್ ಊರಿನಲ್ಲಿ ಪ್ರೆಗೆಲ್ ನದಿಗೆ ಏಳು ಸೇತುವೆಗಳಿದ್ದವು. ಈಗ ಆ ಊರು ರಷ್ಯಾದ ಕಲಿನಿನ್‌ಗ್ರಾಡ್. ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಊರು ಸುತ್ತಬಹುದೇ ಎನ್ನುವುದು ಅಲ್ಲಿನವರ ಒಗಟು. ಆಗುವುದಿಲ್ಲ ಎಂದು ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1736ರಲ್ಲಿ ತೋರಿಸಿದ. ನದಿ ಊರನ್ನು ನಾಲ್ಕು ಭಾಗ ಮಾಡಿತ್ತು. ನಾಲ್ಕಕ್ಕೂ ಸೇರುವ ಸೇತುವೆಗಳ ಸಂಖ್ಯೆ ಬೆಸ. ಒಂದು ಕಡೆಯಿಂದ ಒಳಗೆ ಬಂದರೆ ಇನ್ನೊಂದರಿಂದ ಹೊರಗೆ ಹೋಗಬೇಕಲ್ವಾ? ಬೆಸವಾದಾಗ ಒಂದು ಸೇತುವೆ ಜೋಡಿಯಿಲ್ಲದೆ ಉಳಿಯುತ್ತದೆ. ಹೊರಟ ಜಾಗ ಮತ್ತು ಮುಟ್ಟುವ ಜಾಗ ಎರಡಕ್ಕೆ ಮಾತ್ರ ಅದು ನಡೆಯುತ್ತದೆ. ಇಲ್ಲಿ ನಾಲ್ಕೂ ಹಾಗೇ ಇದ್ದವು.

"ಆದ್ರ ಎರಡೆರಡು ಸಲ ದಾಟ್ರಿ ಅಂದ್ರ ಒಗಟ ಉಳಿಯೂದಿಲ್ಲ" ಎಂದಳು ಹುಡುಗಿ. ಕಸೂತಿ ಮಾಡುವುದು ಇದನ್ನೇ. ಪ್ರತಿ ಗೆರೆಯ ಮೇಲೆ ಎರಡು ಸಲ, ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ. ಹಾಗಾಗಿ ಒಂದಕ್ಕೊಂದು ಕೂಡಿದ ಯಾವ ಚಿತ್ರವಾದರೂ ಸರಿ, ದಾರ ಕತ್ತರಿಸದೆ ಹೊರಟಲ್ಲಿಗೇ ಬರಬಹುದು. ಸೂಜಿ ಮನೆಗೆ ಬರುತ್ತದೆ ಎಂದು ವೈನಿ ಮೊದಲ ದಿನವೇ ಹೇಳಿದ್ದರು. ಹುಡುಗಿ ಇದನ್ನೆಲ್ಲ ಅಜ್ಜಿಗೂ ವಿವರಿಸಿದಳು. "ಆಯ್ಲರ್ ಅಂದ್ರ ಯಾರು? ಕಸೂತಿ ಹಾಕತಿದ್ನೇನು?" ಎಂದು ಕೇಳಿ ವೈನಿ ಒಳಗೆ ಚಹಾಕ್ಕೆ ಇಟ್ಟರು.

ಹೊಸದನ್ನು ಕಲಿತರೆ ತಲೆಗೆ ಒಳ್ಳೆಯದು ಎನ್ನುವುದು ಬರೀ ನನ್ನ ಹುರುಪಿನ ಮಾತಲ್ಲ. 2014ರಲ್ಲಿ ಅಮೆರಿಕದ ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಡೆನಿಸ್ ಪಾರ್ಕ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. 60 ದಾಟಿದವರಲ್ಲಿ ಕೆಲವರಿಗೆ ಕ್ವಿಲ್ಟ್ (ನಮ್ಮ ಕೌದಿಯಂಥ ಹೊದಿಕೆ) ಹೊಲಿಯುವುದನ್ನೋ ಡಿಜಿಟಲ್ ಫೋಟೊಗ್ರಫಿಯನ್ನೋ ಕಲಿಸಿದರು. ವಾರಕ್ಕೆ ಸುಮಾರು 15 ತಾಸು, ಮೂರು ತಿಂಗಳು. ಇನ್ನೊಂದು ಗುಂಪಿನವರು ಸೇರಿ ಹರಟೆ ಹೊಡೆದರು, ತಿರುಗಾಡಿದರು. ಮತ್ತೊಂದು ಗುಂಪು ಮನೆಯಲ್ಲಿ ಸಂಗೀತ ಕೇಳುವುದು, ಪದಗಳ ಒಗಟು ಬಿಡಿಸುವುದು ಹೀಗೆ ಕಾಲ ಕಳೆಯಿತು. ನೆನಪಿನ ಪರೀಕ್ಷೆಯಲ್ಲಿ ಹೆಚ್ಚು ಸುಧಾರಿಸಿದವರು ಹೊಸದು ಕಲಿತವರೇ. ಇನ್ನೊಂದು ದೊಡ್ಡ ಅಧ್ಯಯನ 2002ರದ್ದು, 65 ದಾಟಿದ 2,832 ಜನರದ್ದು. ನೆನಪಿನ ತರಬೇತಿ ಪಡೆದವರಿಗೆ ನೆನಪು ಸುಧಾರಿಸಿತು, ತರ್ಕ ಕಲಿತವರಿಗೆ ತರ್ಕ. ಒಂದರ ಲಾಭ ಇನ್ನೊಂದಕ್ಕೆ ದಾಟಲಿಲ್ಲ. ಅಂದರೆ ಪದಬಂಧದವನು ಪದಬಂಧದಲ್ಲಿ ಜೋರಾಗುತ್ತಾನೆ, ಅಷ್ಟೇ. ಇದನ್ನು ವಾಕಿಂಗ್ ಗುಂಪಿನಲ್ಲಿ ಹೇಳಿ ನಿಷ್ಠುರನಾಗಿದ್ದೇನೆ. ಮರೆವಿನ ರೋಗಕ್ಕೆ ಕಸೂತಿ ಮದ್ದು ಎಂದೇನೂ ನಾನು ಹೇಳುತ್ತಿಲ್ಲ. ಮರೆವು ದಿನದ ಕೆಲಸಕ್ಕೇ ಅಡ್ಡ ಬರುತ್ತಿದ್ದರೆ ಡಾಕ್ಟರ ಹತ್ತಿರವೇ ಹೋಗಬೇಕು.

ಈ ಲೆಕ್ಕದಲ್ಲಿ ನೋಡಿದರೆ ಕೈಯಲ್ಲಿ ಪಳಗಿದ ಕಸೂತಿಯಿಂದ ವೈನಿಗೆ ಅಷ್ಟೇನೂ ವ್ಯಾಯಾಮವಿಲ್ಲ. ಅವರಿಗೆ ಪದಬಂಧವೇ ಹೊಸದು. ಒಂದು ದಿನ ಪೇಪರು ಹಿಡಿದು ಕೂರಿಸಿದೆ. ಸ್ವಲ್ಪ ಹೊತ್ತು ನೋಡಿದರು. "ತಾಸುಗಟ್ಟಲೆ ತಲಿ ಕೆಡಿಸ್ಕೊಂಡು ಕಡೀಕ ರದ್ದಿಗೆ ಹಾಕೂದು. ಇದರಾಗ ಏನು ಬಂತು?" ಎಂದು ಪೇಪರು ತಿರುಗಿ ಕೊಟ್ಟರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ನನ್ನ ಗೋಪುರ, ಸೊಟ್ಟಗಾದರೂ, ಅವರ ಟೀಪಾಯಿಯ ಮೇಲೆ ಹಾಸಿದೆ.

ಈಗ ತೇರಿನ ಸರದಿ. ಮೇಲ್ಭಾಗ ಸುಲಭ, ಗೋಪುರದ ಹಾಗೇ ಹೋಗುತ್ತದೆ. ಜಗಳ ಇರುವುದು ಗಾಲಿಯ ಹತ್ತಿರ. ಎಂಟು ಬದಿಯ ಗಾಲಿ, ನಡುವಿನಿಂದ ಎಂಟು ಕಡ್ಡಿ. ಅಂಚಿನಿಂದ ಹೊರಟು ಕಡ್ಡಿಗಳನ್ನು ಬರುವಾಗ ಮುಗಿಸೋಣ ಎನ್ನುವುದು ನನ್ನ ವಾದ. ನಡುವಿನಿಂದ ಹೊರಟು ಒಂದೊಂದೇ ಕಡ್ಡಿ ಮುಗಿಸು ಎನ್ನುವುದು ವೈನಿಯದು. ಎರಡು ದಾರಿಯೂ ಸರಿ, ಎರಡಕ್ಕೂ ಅಷ್ಟೇ ದಾರ ಹಿಡಿಯುತ್ತದೆ ಎಂದು ಹುಡುಗಿ ಲೆಕ್ಕ ಹಾಕಿ ತೋರಿಸಿದ್ದಾಳೆ. ನಾವಿಬ್ಬರೂ ಒಪ್ಪಿಲ್ಲ.